ರವಿಕೆಯ ಅಚ್ಚು ಹಿಡಿದು ಯಶವಂತಪುರದಿಂದ ಯಲಹಂಕಕ್ಕೆ

ರವಿಕೆ ಬಟ್ಟೆ ಹಿಡಿದು ದರ್ಜಿಯ ಅಂಗಡಿಗೆ ಹೋದರೆ ಅವರು ಕೇಳುವ ಮೊದಲ ಮಾತು ಯಾವುದು ಹೇಳಿ? "ಅಳತೆ ಬ್ಲೌಸ್ ತಂದಿದ್ದೀರಾ?" ಅಂತ ತಾನೆ? ನಾವೂ ಬೀರುವಿನಲ್ಲಿ ಹುಡುಕಿ, ಸುಮಾರಾಗಿ ಕೂರುವ ಒಂದನ್ನು ಕೊಟ್ಟು ಬರುತ್ತೇವೆ. ಆ ಅಳತೆ ಬ್ಲೌಸ್ ಯಾವ ಕಾಲದ್ದು? ಮಗಳ ನಾಮಕರಣಕ್ಕೆ ಹೊಲಿಸಿದ್ದೋ, ತಂಗಿಯ ಮದುವೆಯದೋ! ಅದನ್ನು ನೋಡಿ ಇನ್ನೊಂದು, ಆ ಇನ್ನೊಂದನ್ನು ನೋಡಿ ಮತ್ತೊಂದು. ನಕಲಿನ ನಕಲು ಆಗುತ್ತಾ ಹೋಗುತ್ತದೆ. ನಡುವೆ ನಮ್ಮ ಮೈ ಬದಲಾಗಿರುತ್ತದೆ. ಹೊಸ ರವಿಕೆ ಕಂಕುಳಲ್ಲಿ ಹಿಡಿದರೆ, ಬೆನ್ನಲ್ಲಿ ಉಬ್ಬಿದರೆ ನಾವು ಬೈದುಕೊಳ್ಳುವುದು ಯಾರನ್ನು? "ನಾನೇ ದಪ್ಪಗಾಗಿದ್ದೀನಿ ಬಿಡಿ" ಅಂತ ನಮ್ಮನ್ನೇ!

ತಪ್ಪು ಮೈಯದಲ್ಲ ಸೋದರಿಯರೇ, ಬಟ್ಟೆ ಕತ್ತರಿಸಿದ ರೀತಿಯದು. ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಒಂದು ಕಂದು ಕಾಗದದ ತುಂಡು. ಕಲಿತವರು ಅದನ್ನು ಬ್ಲಾಕ್ ಅನ್ನುತ್ತಾರೆ. ನಾನು ಅಚ್ಚು ಅಂತ ಕರೆಯುತ್ತೇನೆ. ಒಬ್ಬ ಹೆಂಗಸಿನ ಮೈಯಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದ ಮೂಲ ನಕ್ಷೆ ಅದು. ಅದರಲ್ಲಿ ಯಾವ ಫ್ಯಾಷನ್ನೂ ಇಲ್ಲ. ಕತ್ತು ಕತ್ತಿನ ಬುಡದಲ್ಲೇ ಇರುತ್ತದೆ, ಹೊಲಿಗೆಗೆ ಬಿಡುವ ಮಾರ್ಜಿನ್ ಕೂಡ ಇರುವುದಿಲ್ಲ. ಆದರೆ ಅದೊಂದು ಕೈಯಲ್ಲಿದ್ದರೆ ಅದರಿಂದ ಚೌಕ ಕತ್ತಿನ ರವಿಕೆಯನ್ನೂ ತೆಗೆಯಬಹುದು, ಪ್ರಿನ್ಸೆಸ್ ಕಟ್ಟನ್ನೂ ತೆಗೆಯಬಹುದು, ಮಗಳ ಚೂಡಿದಾರದ ಟಾಪನ್ನೂ ತೆಗೆಯಬಹುದು. ಒಂದೇ ಹಿಟ್ಟಿನಿಂದ ಇಡ್ಲಿ, ದೋಸೆ, ಪಡ್ಡು ಮಾಡಿದ ಹಾಗೆ.

ನಾನು ಈ ವಿದ್ಯೆ ಕಲಿತದ್ದು ಉತ್ತರ ಬೆಂಗಳೂರಿನಲ್ಲಿ. ಬೆಂಗಳೂರು ಅಂದರೆ ಲಾಲ್‌ಬಾಗು, ವಿಧಾನಸೌಧ ಅಂತ ನೋಡಿ ಬರುತ್ತೀರಲ್ಲ, ಈ ಸಲ ನನ್ನ ಜೊತೆ ಬೇರೆ ದಾರಿಯಲ್ಲಿ ಬನ್ನಿ. ಬಟ್ಟೆ ಹೇಗೆ ಉಡುಪಾಗುತ್ತದೆ ಅನ್ನುವ ದಾರಿ ಇದು.

ಯಶವಂತಪುರದಲ್ಲಿ ಇಳಿದರೆ

ತುಮಕೂರು, ಅರಸೀಕೆರೆ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಯಶವಂತಪುರ ಊರ ಬಾಗಿಲಿದ್ದ ಹಾಗೆ. ಹತ್ತಿರದಲ್ಲೇ ಎ.ಪಿ.ಎಂ.ಸಿ. ಯಾರ್ಡು, ಮೂಟೆ ಹೊತ್ತ ಲಾರಿಗಳ ಸಾಲು. 2014ರಿಂದ ಮೆಟ್ರೋ ರೈಲೂ ಇದೆ. ಅದರಲ್ಲಿ ಪೀಣ್ಯದ ಕಡೆಗೆ ಕೂತರೆ ತುಮಕೂರು ರಸ್ತೆಯ ಮೇಲೆ ತೇಲಿದಂತೆ ಹೋಗಬಹುದು. ಬಸ್ಸೇ ಸಾಕು ಅನ್ನುವವರಿಗೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಇದ್ದೇ ಇದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ. ಕಲಿಯಲು ಹೊರಟ ಹೆಂಗಸಿಗೆ ದಿನದ ಬಸ್ ಚಾರ್ಜು ಉಳಿಯುವುದು ಸಣ್ಣ ಮಾತಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಗೊರಗುಂಟೆಪಾಳ್ಯದಲ್ಲಿ ನಿಂತು ನೋಡಿ. ತಲೆಗೆ ಹೂ ಮುಡಿದು, ಊಟದ ಡಬ್ಬಿ ಹಿಡಿದು, ಗುಂಪು ಗುಂಪಾಗಿ ಹೆಂಗಸರು ಬಿರಬಿರನೆ ನಡೆಯುತ್ತಿರುತ್ತಾರೆ. ಇವರೆಲ್ಲ ಗಾರ್ಮೆಂಟ್ಸಿಗೆ ಹೋಗುವವರು. ಯಶವಂತಪುರದ ಕೈಗಾರಿಕಾ ಉಪನಗರ ಮತ್ತು 1970ರ ದಶಕದಲ್ಲಿ ಎದ್ದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪರದೇಶಕ್ಕೆ ಹೋಗುವ ಅಂಗಿ, ಪ್ಯಾಂಟುಗಳು ಹೊಲಿಗೆಯಾಗುತ್ತವೆ. ಮೆಷಿನ್ ತುಳಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ದುಡ್ಡು ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಿದಾಗ ಬೀದಿಗಿಳಿದು ಬೆಂಗಳೂರನ್ನೇ ನಿಲ್ಲಿಸಿದ್ದು ಇವರೇ. ಆ ನಿಯಮ ಹಿಂದಕ್ಕೆ ಹೋಯಿತು.

ಇಂಥ ಗಟ್ಟಿಗಿತ್ತಿಯರಲ್ಲಿ ಒಬ್ಬಳು ನಮ್ಮ ಪಕ್ಕದ ವಠಾರದಲ್ಲಿದ್ದಾಳೆ. ಅವಳು ಒಂದು ದಿನ ಅಂದಳು: "ಆಂಟಿ, ಎಂಟು ವರ್ಷದಿಂದ ಕಫ್ ಹೊಲೀತಿದ್ದೀನಿ. ಆದ್ರೆ ಒಂದು ಪೂರ್ತಿ ಶರ್ಟು ಕೊಡಿ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ."

ನನಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಒಬ್ಬಾಕೆ ಇಡೀ ದಿನ ಕಾಲರ್ ಹೊಲಿದರೆ, ಇನ್ನೊಬ್ಬಾಕೆ ಇಡೀ ದಿನ ತೋಳು ಕೂಡಿಸುತ್ತಾಳೆ. ನಕ್ಷೆ ಬರೆಯುವುದು ಬೇರೆ ಕೋಣೆಯಲ್ಲಿ, ಈಗ ಕಂಪ್ಯೂಟರಿನಲ್ಲಿ. ಆ ಕೋಣೆಯವರಿಗೆ ಪ್ಯಾಟರ್ನ್ ಮಾಸ್ಟರ್ ಅನ್ನುತ್ತಾರೆ. ಅವರು ಮೊದಲು ಒಂದು ಅಳತೆಗೆ ನಕ್ಷೆ ಮಾಡಿ, ಅದನ್ನೇ ಲೆಕ್ಕದ ಪ್ರಕಾರ ಹಿಗ್ಗಿಸಿ ಕುಗ್ಗಿಸಿ ಸಣ್ಣದು, ಮಧ್ಯಮ, ದೊಡ್ಡದು ಅಂತ ತೆಗೆಯುತ್ತಾರೆ. ಆಮೇಲೆ ಹತ್ತಾರು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಯಂತ್ರದ ಕತ್ತಿಯಿಂದ ಕತ್ತರಿಸುತ್ತಾರೆ.

ನಮ್ಮೂರಿನ ದರ್ಜಿ ಅಂಗಡಿಯಲ್ಲೂ ಹೀಗೇ ಅಲ್ಲವೇ? ಕತ್ತರಿ ಹಿಡಿದವರು ಮಾಸ್ಟರ್. ಒಳಗೆ ಕೂತು ಹೊಲಿಯುವವರಿಗೆ, ಕೈಹೊಲಿಗೆ ಹಾಕಿ ಹುಕ್ಸು ಕೂರಿಸುವ ಹೆಂಗಸರಿಗೆ ಸಿಗುವುದು ಇಷ್ಟಿಷ್ಟೇ ಕೂಲಿ. ಹೊಲಿಗೆ ಬಂದವರು ಊರಿಗೆ ನೂರು ಜನ ಸಿಗುತ್ತಾರೆ. ನಕ್ಷೆ ಬರೆದು ಕತ್ತರಿಸಲು ಬಂದವರು ಬೆರಳೆಣಿಕೆ. ಅದಕ್ಕೇ ನಾನು ಅಚ್ಚಿನ ವಿದ್ಯೆಯನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ಆರ್.ಟಿ. ನಗರದ ಮಹಡಿಯ ಮೇಲೆ

ಯಶವಂತಪುರದಿಂದ ಮೇಖ್ರಿ ವೃತ್ತದ ಮೇಲೆ ಬಂದರೆ ಆರ್.ಟಿ. ನಗರ. ಎಲ್ಲರೂ ಆರ್.ಟಿ. ಅಂತಲೇ ಅನ್ನುತ್ತಾರೆ, ಪೂರ್ತಿ ಹೆಸರು ರವೀಂದ್ರನಾಥ ಟ್ಯಾಗೋರ್ ನಗರ. ಬೀದಿಗೊಂದು ಮ್ಯಾಚಿಂಗ್ ಸೆಂಟರು, ಫಾಲ್ಸು ಹಾಕುವವರು, ಜಿಗ್‌ಜಾಗ್ ಮಾಡುವವರು. ಅಂಥ ಒಂದು ಬೀದಿಯ ಮಹಡಿ ಮೇಲಿನ ಕೋಣೆಯಲ್ಲಿ ನಮ್ಮ ತರಗತಿ ನಡೆಯುತ್ತಿತ್ತು. ಮೂರು ಮೆಷಿನ್ನು, ಉದ್ದನೆಯ ಒಂದು ಮೇಜು, ಒಂಬತ್ತು ಜನ ಹೆಂಗಸರು. ಮೊದಲ ಹದಿನೈದು ದಿನ ಟೀಚರ್ ನಮಗೆ ಮೆಷಿನ್ ಮುಟ್ಟಲು ಬಿಡಲಿಲ್ಲ. "ಮೊದ್ಲು ಪೆನ್ಸಿಲ್ ಹಿಡೀರಮ್ಮಾ. ಕಾಗದ ಹಾಳಾದ್ರೆ ಒಂದು ರೂಪಾಯಿ, ಬಟ್ಟೆ ಹಾಳಾದ್ರೆ ಮುನ್ನೂರು" ಅನ್ನುತ್ತಿದ್ದರು.

ಅವರು ಕಲಿಸಿದ ಮೂಲ ನಕ್ಷೆಯನ್ನು ಇಲ್ಲಿ ಬರೆಯುತ್ತೇನೆ. ಹಳೆಯ ದಿನಪತ್ರಿಕೆ ಹರಡಿಕೊಂಡು ನೀವೂ ಬರೆದು ನೋಡಿ. ಉದಾಹರಣೆಗೆ ಈ ಅಳತೆ ಇಟ್ಟುಕೊಳ್ಳೋಣ: ಎದೆ ಸುತ್ತಳತೆ 36 ಇಂಚು, ಸೊಂಟ 30, ಒಂದು ಭುಜದ ತುದಿಯಿಂದ ಇನ್ನೊಂದು ಭುಜದ ತುದಿಗೆ 14, ಕತ್ತಿನ ಹಿಂದಿನ ಮೂಳೆಯಿಂದ ಸೊಂಟಕ್ಕೆ 15.

ಹಿಂಭಾಗ ಮೊದಲು. ಅರ್ಧ ಬೆನ್ನು ಬರೆದರೆ ಸಾಕು. ಕಾಗದದ ಎಡ ಅಂಚೇ ಬೆನ್ನಿನ ನಡುಗೀಟು. ಮೇಲೆ ಒಂದು ಅಡ್ಡಗೀಟು ಎಳೆಯಿರಿ. ನಡುಗೀಟಿನ ಮೇಲೆ ಅಡ್ಡಗೀಟಿನಿಂದ ಮುಕ್ಕಾಲು ಇಂಚು ಕೆಳಗೆ ಒಂದು ಚುಕ್ಕೆ ಇಡಿ. ಅದು ಕತ್ತಿನ ಮೂಳೆ. ಅಲ್ಲಿಂದ 15 ಇಂಚು ಕೆಳಗೆ ಸೊಂಟದ ಗೀಟು. ಮೇಲಿನ ಅಡ್ಡಗೀಟಿನಿಂದ ಏಳೂವರೆ ಇಂಚು ಕೆಳಗೆ ಎದೆಯ ಗೀಟು. (ಎದೆಯ ಎಂಟನೇ ಒಂದು ಭಾಗಕ್ಕೆ 3 ಇಂಚು ಕೂಡಿಸಿದರೆ ಈ ಅಳತೆ ಬರುತ್ತದೆ.)

ಕತ್ತಿನ ಅಗಲ ಎದೆಯ ಹನ್ನೆರಡನೇ ಒಂದು ಭಾಗ, ಅಂದರೆ 3 ಇಂಚು. ಮೇಲಿನ ಗೀಟಿನ ಮೇಲೆ ಅದನ್ನು ಗುರುತು ಮಾಡಿ, ಕತ್ತಿನ ಮೂಳೆಗೆ ಬಳುಕಿಸಿ ಕೂಡಿಸಿ. ಭುಜದ ಅರ್ಧ 7 ಇಂಚು. ಆ ಗುರುತಿನಿಂದ ಮುಕ್ಕಾಲು ಇಂಚು ಕೆಳಗಿಳಿಸಿದರೆ ಭುಜದ ತುದಿ. ಭುಜ ಯಾರದ್ದೂ ಹಲಗೆಯ ಹಾಗೆ ನೇರ ಇರುವುದಿಲ್ಲ ನೋಡಿ, ಅದಕ್ಕೇ ಈ ಇಳಿಜಾರು. ಎದೆಯ ಗೀಟಿನ ಮೇಲೆ ಸುತ್ತಳತೆಯ ಕಾಲು ಭಾಗ 9 ಇಂಚು, ಉಸಿರಾಡಲು ಅರ್ಧ ಇಂಚು ಸಡಿಲ ಸೇರಿಸಿ ಒಂಬತ್ತೂವರೆಗೆ ಗುರುತು ಮಾಡಿ. ಭುಜದ ತುದಿಯಿಂದ ಅಲ್ಲಿಗೆ ಬಳುಕಿಸಿದರೆ ಕಂಕುಳು. ಸೊಂಟದ ಗೀಟಿನಲ್ಲಿ 9 ಇಂಚಿಗೆ ಗುರುತು ಮಾಡಿ ಪಕ್ಕದ ಗೀಟು ಎಳೆಯಿರಿ. ಸೊಂಟದ ಕಾಲು ಭಾಗ ಏಳೂವರೆ, ಸಡಿಲ ಅರ್ಧ, ಒಟ್ಟು 8. ಮಿಕ್ಕ 1 ಇಂಚು ಡಾರ್ಟಿಗೆ. ನಮ್ಮ ದರ್ಜಿಗಳು ಟಕ್ಸ್ ಅನ್ನುವುದು ಇದನ್ನೇ.

ಮುಂಭಾಗವೂ ಹೀಗೆಯೇ, ಆದರೆ ನಾಲ್ಕು ಬದಲಾವಣೆ. ಕತ್ತಿನ ಆಳ 3 ಇಂಚು. ಕಂಕುಳನ್ನು ಅರ್ಧ ಇಂಚು ಹೆಚ್ಚು ಒಳಕ್ಕೆ ಬಳುಕಿಸಬೇಕು. ಸೊಂಟದ ಗೀಟನ್ನು 1 ಇಂಚು ಕೆಳಗಿಳಿಸಬೇಕು, ಯಾಕೆಂದರೆ ಎದೆಯ ಉಬ್ಬಿನ ಮೇಲೆ ಹತ್ತಿ ಇಳಿಯಲು ಬಟ್ಟೆ ಉದ್ದ ಬೇಕು. ಹಾಗೆ ಪಕ್ಕದಲ್ಲಿ ಹೆಚ್ಚಾದ 1 ಇಂಚನ್ನು ಕಂಕುಳಿನಿಂದ ಎರಡು ಇಂಚು ಕೆಳಗೆ ಅಡ್ಡ ಟಕ್ಸು ಹಿಡಿಯಬೇಕು. ಆಗ ಹಿಂದಿನ ಪಕ್ಕವೂ ಮುಂದಿನ ಪಕ್ಕವೂ ಸರಿಸಮ ಕೂಡುತ್ತವೆ. ಟಕ್ಸಿನ ತುದಿಗಳು ಎದೆಯ ತುದಿಯ ಕಡೆಗೆ ಮುಖ ಮಾಡಿರಬೇಕು, ಆದರೆ ಒಂದಿಂಚು ಹಿಂದೆಯೇ ನಿಲ್ಲಬೇಕು. ತುದಿಯವರೆಗೂ ಹೊಲಿದರೆ ಮೊನಚಾಗಿ ಎದ್ದು ಕಾಣುತ್ತದೆ.

ಲೆಕ್ಕ ನೋಡಿ: ಒಂಬತ್ತೂವರೆಯ ನಾಲ್ಕು ಭಾಗ ಸೇರಿ 38. ಮೈ 36, ಸಡಿಲ 2. ಗಣಿತ ಅಂದರೆ ಓಡುತ್ತಿದ್ದ ನಾವೆಲ್ಲ ಅಲ್ಲಿ ಭಾಗಾಕಾರ ಮಾಡಿದ್ದೇ ಮಾಡಿದ್ದು!

ಈಗ ಟೀಚರ್ ತೋರಿಸಿದ ತಮಾಷೆ ಕೇಳಿ. ನಕ್ಷೆ ಕತ್ತರಿಸಿಕೊಂಡು ಅಡ್ಡ ಟಕ್ಸಿನ ಎರಡು ಗೀಟುಗಳನ್ನು ಎದೆಯ ತುದಿಯವರೆಗೆ ಎಳೆಯಿರಿ. ಭುಜದ ನಡುವಿನಿಂದಲೂ ಅದೇ ತುದಿಗೆ ಒಂದು ಗೀಟು ಎಳೆದು, ಅಲ್ಲಿಯವರೆಗೆ ಕತ್ತರಿಸಿ. ಈಗ ಪಕ್ಕದ ಟಕ್ಸನ್ನು ಮಡಿಸಿ ಮುಚ್ಚಿ. ಮೇಲೆ ಭುಜದಲ್ಲಿ ತಾನಾಗಿಯೇ ಬಾಯಿ ಬಿಡುತ್ತದೆ! ಪಕ್ಕದಲ್ಲಿದ್ದ ಟಕ್ಸು ಭುಜಕ್ಕೆ ಹೋಯಿತು, ಅಷ್ಟೇ. ಹೀಗೆಯೇ ಅದನ್ನು ಕತ್ತಿಗೂ ಒಯ್ಯಬಹುದು, ಕಂಕುಳಿಗೂ ಒಯ್ಯಬಹುದು. ಕಂಕುಳಿನ ಟಕ್ಸನ್ನೂ ಸೊಂಟದ ಟಕ್ಸನ್ನೂ ಒಂದೇ ಗೀಟಾಗಿ ಕೂಡಿಸಿ ಎರಡು ತುಂಡು ಮಾಡಿದರೆ ಅದೇ ಪ್ರಿನ್ಸೆಸ್ ಕಟ್. ಅಂಗಡಿಯಲ್ಲಿ ಮಜೂರಿ ಜಾಸ್ತಿ ಕೊಟ್ಟು ಹೊಲಿಸುವ ಕಟ್ಟಿನ ಗುಟ್ಟು ಇಷ್ಟೇ.

ಪರದೇಶದಲ್ಲಿ ಗೃಹಿಣಿಯರ ಕೈಗೆ ಇಂಥ ಕಾಗದದ ನಕ್ಷೆ ಬಹಳ ಹಿಂದೆಯೇ ಸಿಕ್ಕಿತು. ಅಮೆರಿಕದ ಎಬೆನೆಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ನಕ್ಷೆಗಳನ್ನು ಮಾರಲು ಶುರು ಮಾಡಿದ. ನಮ್ಮಲ್ಲಿ ಮುಂಬಯಿಯ ಝಾರಾಪ್ಕರ್ ಪದ್ಧತಿಯ ಪುಸ್ತಕ ನೋಡಿ ಕತ್ತರಿಸಲು ಕಲಿತ ದರ್ಜಿಗಳು ಉಂಟು. ಆದರೆ ಮನೆಯ ಹೆಂಗಸಿಗೆ ಮೆಷಿನ್ನು ಬಂದಷ್ಟು ಬೇಗ ನಕ್ಷೆ ಬರಲಿಲ್ಲ.

ಹೆಬ್ಬಾಳದಲ್ಲಿ ಕೋರಾ ಬಟ್ಟೆ

ನಕ್ಷೆ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅಗ್ಗದ ಕೋರಾ ಬಟ್ಟೆಯಲ್ಲಿ ಕತ್ತರಿಸಿ, ಉದ್ದುದ್ದ ಹೊಲಿಗೆ ಹಾಕಿ, ಮೈಮೇಲೆ ಹಾಕಿ ನೋಡಬೇಕು. ಎಲ್ಲಿ ಸುಕ್ಕು ಬಿತ್ತೋ ಅಲ್ಲಿ ಗುಂಡುಸೂಜಿ ಚುಚ್ಚಿ, ಅದರಂತೆ ಕಾಗದವನ್ನು ತಿದ್ದಬೇಕು. ಈ ಕೆಲಸಕ್ಕೆ ನಾವು ಕೆಲವರು ಹೆಬ್ಬಾಳದಿಂದ ಬರುತ್ತಿದ್ದ ಒಬ್ಬರ ಮನೆ ಸೇರುತ್ತಿದ್ದೆವು. ಆರ್.ಟಿ. ನಗರದಿಂದ ಅಲ್ಲಿಗೆ ದೂರವೇನಿಲ್ಲ.

ಹೆಬ್ಬಾಳ ಅಂದರೆ ಈಗ ಎಲ್ಲರಿಗೂ ಮೇಲ್ಸೇತುವೆ, ಕಾರುಗಳ ಸಾಲು ಕಣ್ಣಿಗೆ ಬರುತ್ತದೆ. ಆದರೆ ಕೆರೆ ಇನ್ನೂ ಇದೆ, ಹಕ್ಕಿಗಳು ಇನ್ನೂ ಬರುತ್ತವೆ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಆವರಣದಲ್ಲಿ ಬೇಕರಿ ತರಬೇತಿ ಕೊಡುತ್ತಾರೆ, ಅಡುಗೆಯಲ್ಲಿ ಆಸಕ್ತಿ ಇರುವವರು ವಿಚಾರಿಸಬಹುದು.

ಆಕೆಯ ವಿಷಯ ಹೇಳುತ್ತೇನೆ, ಆಕೆಯ ಒಪ್ಪಿಗೆ ಪಡೆದೇ. ನಮ್ಮ ತರಗತಿಯಲ್ಲಿ ಸದಾ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು ಕೂರುತ್ತಿದ್ದರು. ಒಬ್ಬರ ಅಳತೆ ಇನ್ನೊಬ್ಬರು ತೆಗೆಯುವ ದಿನ ಏನಾದರೂ ನೆವ ಹೇಳಿ ಹಿಂದೆ ಉಳಿಯುತ್ತಿದ್ದರು. ಒಂದು ದಿನ ಟೀಚರ್ ಮುಂದೆ ಮೆಲ್ಲಗೆ ಬಾಯಿಬಿಟ್ಟರು. ಎರಡು ವರ್ಷದ ಹಿಂದೆ ಕ್ಯಾನ್ಸರ್ ಆಗಿ ಎಡಗಡೆ ಎದೆ ತೆಗೆದಿದ್ದರು. ಆಮೇಲೆ ಯಾವ ದರ್ಜಿಯ ಹತ್ತಿರವೂ ಹೋಗಿರಲಿಲ್ಲ. ಗಂಡಸರ ಮುಂದೆ ನಿಂತು ಏನೆಂದು ಹೇಳುವುದು? ಹಳೆಯ ರವಿಕೆಗಳಿಗೇ ಒಳಗೆ ಬಟ್ಟೆ ತುರುಕಿ, ಪಿನ್ನು ಹಾಕಿ ದಿನ ದೂಡುತ್ತಿದ್ದರು. ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದರು.

ಟೀಚರ್ ಅಯ್ಯೋ ಪಾಪ ಅನ್ನಲಿಲ್ಲ. "ಸರಿ, ನಾವು ಅರ್ಧ ನಕ್ಷೆ ಬರೆದು ಮಡಿಸ್ತೀವಲ್ಲ, ನೀವು ಪೂರ್ತಿ ಬರೀರಿ. ಬಲಗಡೆ ಬೇರೆ, ಎಡಗಡೆ ಬೇರೆ" ಅಂದರು, ಅಷ್ಟೇ. ಆ ಮಾತಿನಲ್ಲಿ ಎಷ್ಟು ಸಮಾಧಾನ ಇತ್ತು ಅನ್ನುತ್ತೀರಿ!

ಅವರ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾವು ಮೂವರು ಅಳತೆ ತೆಗೆದೆವು. ಎಡ ಮುಂಭಾಗಕ್ಕೆ ಅಡ್ಡ ಟಕ್ಸು ಬೇಕಾಗಲಿಲ್ಲ, ಉದ್ದವೂ ಅಷ್ಟು ಬೇಕಾಗಲಿಲ್ಲ. ಶಸ್ತ್ರಚಿಕಿತ್ಸೆಯಾದ ಕಡೆ ಕೈ ಊದಿಕೊಳ್ಳುವುದುಂಟು, ಬಿಗಿ ತೋಳು ಒಳ್ಳೆಯದಲ್ಲ. ಅದಕ್ಕೆ ಎರಡು ಕೈಗೂ ಬೇರೆ ಬೇರೆ ಅಳತೆ ತೆಗೆದು, ಎಡ ತೋಳನ್ನು ಸಡಿಲವಾಗಿ ಬರೆದೆವು. ಲೈನಿಂಗಿನಲ್ಲಿ ಮೆತ್ತನೆಯ ಮಲ್ ಬಟ್ಟೆಯ ಒಂದು ಚೀಲ ಕೂರಿಸಿದೆವು, ಒಳಗೆ ಪ್ಯಾಡ್ ಇಟ್ಟರೆ ಜಾರದ ಹಾಗೆ. ಕತ್ತನ್ನು ಗಾಯದ ಗುರುತು ಕಾಣದಷ್ಟು ಮೇಲಿಟ್ಟೆವು. ಕೋರಾ ಬಟ್ಟೆಯಲ್ಲಿ ಎರಡು ಸಲ ತಿದ್ದಿ, ಮೂರನೇ ಸಲ ತಿಳಿ ಹಸಿರು ರೂಬಿಯಾದಲ್ಲಿ ಅವರೇ ಕತ್ತರಿಸಿದರು, ಅವರೇ ಹೊಲಿದರು.

ಹಾಕಿಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಸೆರಗನ್ನು ನೆರಿಗೆ ಹಿಡಿದು ಒಂದೇ ಭುಜದ ಮೇಲೆ ಪಿನ್ನು ಮಾಡಿ, "ಕಾಫಿ ಮಾಡ್ತೀನಿ, ಕೂತ್ಕೊಳ್ಳಿ" ಅಂತ ಒಳಗೆ ಹೋದರು. ನಾವು ಯಾರೂ ಮಾತಾಡಲಿಲ್ಲ.

ನಿಮ್ಮ ಬೀದಿಯಲ್ಲೂ ಇಂಥ ಒಬ್ಬರು ಇರಬಹುದು. ಒಂದು ಭುಜ ತಗ್ಗಿರುವ ಹುಡುಗಿ, ಬೆನ್ನು ಬಾಗಿದ ಅಜ್ಜಿ, ಪೋಲಿಯೋದಿಂದ ಒಂದು ಕೈ ಸಣ್ಣಗಾದವರು ಇರಬಹುದು. ಅಂಗಡಿಯ ಸಿದ್ಧ ಉಡುಪು ಇವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಷ್ಟೇಕೆ, ನಮ್ಮ ದೇಶದ ಸಾಮಾನ್ಯ ಮೈಕಟ್ಟಿಗೇ ನಮ್ಮದೆನ್ನುವ ಅಳತೆಪಟ್ಟಿ ಇರಲಿಲ್ಲ, ಪರದೇಶದ ಪಟ್ಟಿಗಳನ್ನೇ ನೋಡಿ ಹೊಲಿಯುತ್ತಿದ್ದರು. ಅದಕ್ಕೇ ಕೇಂದ್ರ ಜವಳಿ ಸಚಿವಾಲಯ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಸೇರಿ ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆ ಕೈಗೊಂಡವು. ಆರು ನಗರಗಳಲ್ಲಿ 25,000 ಜನರ ಮೈಯಳತೆಯನ್ನು ಯಂತ್ರದಿಂದ ತೆಗೆಯುವ ಯೋಜನೆ ಅದು. ಆ ಆರರಲ್ಲಿ ನಮ್ಮ ಬೆಂಗಳೂರೂ ಒಂದು.

ಯಲಹಂಕದ ಹಾಸು ಹೊಕ್ಕು

ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯ, ಜಕ್ಕೂರು ದಾಟಿದರೆ ಯಲಹಂಕ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಊರು ಇದು. ಹೊರಗಿನವರಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ವಿಮಾನ ಪ್ರದರ್ಶನದಿಂದ ಗೊತ್ತು. ನಾನು ನಿಮ್ಮನ್ನು ಕರೆದುಕೊಂಡು ಹೋಗುವುದು ಹಳೇ ಊರಿನ ಮಗ್ಗಗಳ ಕಡೆಗೆ. ಇಲ್ಲೂ, ಇಲ್ಲಿಂದ ಮುಂದೆ ದೊಡ್ಡಬಳ್ಳಾಪುರದಲ್ಲೂ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಓಣಿಗೆ ಕಾಲಿಟ್ಟರೆ ಲಟಪಟ ಸದ್ದೇ ದಾರಿ ತೋರಿಸುತ್ತದೆ.

ಅಚ್ಚು ಕಲಿಯುವವರು ಒಮ್ಮೆಯಾದರೂ ಮಗ್ಗ ನೋಡಬೇಕು. ಉದ್ದಕ್ಕೆ ಬಿಗಿದಿರುವುದು ಹಾಸು, ಅಡ್ಡ ಓಡುವುದು ಹೊಕ್ಕು. ಹಾಸಿನ ನೂಲು ಎಳೆತ ತಡೆದು ಗಟ್ಟಿಯಾಗಿರುತ್ತದೆ, ಹೊಕ್ಕು ಸ್ವಲ್ಪ ಬಿಟ್ಟುಕೊಡುತ್ತದೆ. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಹಿಡಿದು ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಅದೇ ಕ್ರಾಸು. ಕತ್ತಿನ ಪಟ್ಟಿಗೆ ಕ್ರಾಸ್ ಪೀಸ್ ಯಾಕೆ ಬೇಕು ಅನ್ನುವುದು ಇಲ್ಲಿ ತಿಳಿಯುತ್ತದೆ. ಬಳುಕಿದ ಕತ್ತಿಗೆ ಬಳುಕುವ ಬಟ್ಟೆಯೇ ಬೇಕು.

ಅದಕ್ಕೇ ಪ್ರತಿ ನಕ್ಷೆಯ ಮೇಲೂ ಎರಡು ತುದಿಗೆ ಬಾಣ ಹಾಕಿದ ಒಂದು ಉದ್ದಗೀಟು ಬರೆಯುತ್ತಾರೆ. ಬಟ್ಟೆಯ ಮೇಲೆ ಕಾಗದ ಇಡುವಾಗ ಆ ಗೀಟು ಬಟ್ಟೆಯ ಅಂಚಿಗೆ ಸಮನಾಗಿರಬೇಕು. ಟೇಪು ಹಿಡಿದು ಗೀಟಿನ ಎರಡು ತುದಿಯಲ್ಲೂ ಅಂಚಿನಿಂದ ಅಳೆದು ನೋಡಿ. ಬಟ್ಟೆ ಉಳಿಸಲು ಕಾಗದವನ್ನು ಓರೆಯಾಗಿ ಇಟ್ಟರೆ ಒಗೆದ ಮೇಲೆ ರವಿಕೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹತ್ತಿ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಆಮೇಲೆ ಕತ್ತರಿ ಹಾಕಿ.

ನೀವೂ ಕಲಿಯಬೇಕೆಂದಿದ್ದರೆ

ಬೆಂಗಳೂರಿಗೇ ಬರಬೇಕೆಂದಿಲ್ಲ. ತುಮಕೂರು ರಸ್ತೆಯಲ್ಲಿ ಬರುವಾಗ ನೆಲಮಂಗಲದ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಮೊದಲು ಕಟ್ಟಿದ ಸಂಸ್ಥೆ ಇದು. (ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ ವಿಲೀನವಾಯಿತು.) ಊಟ, ವಸತಿ, ತರಬೇತಿ ಎಲ್ಲ ಉಚಿತ. ವಯಸ್ಸು 18ರಿಂದ 45. ಇದೇ ಮಾದರಿಯ ಬ್ಯಾಂಕುಗಳ ತರಬೇತಿ ಕೇಂದ್ರಗಳು ಬೇರೆ ಜಿಲ್ಲೆಗಳಲ್ಲೂ ಇವೆ. ಹೊಲಿಗೆ ತರಬೇತಿ ಯಾವಾಗ ಎಂದು ಕೇಳಿಕೊಳ್ಳಿ. ಹೆಣ್ಣುಮಕ್ಕಳು ಐ.ಟಿ.ಐ. ಸೇರುವುದಾದರೆ ಅಲ್ಲಿ ಒಂದು ವರ್ಷದ ಹೊಲಿಗೆ ತಂತ್ರಜ್ಞಾನದ ವಿಭಾಗ ಇರುತ್ತದೆ.

ಈಗಾಗಲೇ ಹೊಲಿಗೆಯಿಂದ ಸಂಪಾದಿಸುತ್ತಿರುವವರು 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಬಗ್ಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷದವರೆಗೆ ಸಾಲ ಎಂದು ಅದರಲ್ಲಿದೆ. ಮನೆಗೊಬ್ಬರಿಗೆ ಮಾತ್ರ.

ಎಲ್ಲೇ ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: "ಕಾಗದದ ಮೇಲೆ ನಕ್ಷೆ ಬರೆಯುವುದನ್ನು ಕಲಿಸುತ್ತೀರಾ? ಬೇರೆ ಬೇರೆ ಮೈಗೆ ತಿದ್ದುವುದನ್ನು ಕಲಿಸುತ್ತೀರಾ?" ಬರೀ ಅಳತೆ ಬ್ಲೌಸ್ ಇಟ್ಟು ಕತ್ತರಿಸಲು ಕಲಿಸುವ ಕಡೆ ಫೀಜು ಕಟ್ಟಬೇಡಿ.

ಕಫ್ ಹೊಲಿಯುವ ನಮ್ಮ ಹುಡುಗಿ ಈಗ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾಳೆ. ಊಟದ ಮೇಜಿನ ಮೇಲೆ ಕಾಗದ ಹರಡುತ್ತೇವೆ. ಹೋದ ತಿಂಗಳು ತನ್ನ ಮಗನಿಗೆ ಒಂದು ಶರ್ಟನ್ನು ನಕ್ಷೆಯಿಂದ ಗುಂಡಿಯವರೆಗೆ ತಾನೇ ಮುಗಿಸಿದಳು. ಕಫ್ ಮಾತ್ರ ನಮಗೆ ಯಾರಿಗೂ ಬಾರದಷ್ಟು ಅಂದವಾಗಿ ಕೂತಿದೆ!

ನೆನಪಿನಲ್ಲಿಡಿ

ಅಳತೆಯನ್ನು ಸೀರೆಯ ಮೇಲೆ ತೆಗೆಯಬೇಡಿ. ನಿತ್ಯ ಹಾಕುವ ಒಳ ಉಡುಪು, ತೆಳು ರವಿಕೆ ಇದ್ದಾಗ ತೆಗೆಸಿ. ಟೇಪಿನೊಳಗೆ ಒಂದು ಬೆರಳು ಆಡುವಷ್ಟು ಸಡಿಲ ಇರಲಿ.

ನಕ್ಷೆಯ ಕಂಕುಳಿನ ಸುತ್ತನ್ನು ಅಳೆಯಲು ಟೇಪನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಬಳುಕಿಸಿ. ತೋಳಿನ ಮೇಲ್ತುದಿಯ ಬಳುಕು ಅದಕ್ಕಿಂತ ಅರ್ಧದಿಂದ ಒಂದು ಇಂಚು ಹೆಚ್ಚಿರಬೇಕು.

ಅಚ್ಚಿಗೆ ಮಾರ್ಜಿನ್ ಸೇರಿಸಬೇಡಿ. ಅಚ್ಚಿನಿಂದ ಬೇರೆ ಕಾಗದಕ್ಕೆ ಇಳಿಸಿಕೊಂಡ ಮೇಲೆ ಪಕ್ಕಕ್ಕೆ 1 ಇಂಚು, ಕತ್ತಿಗೆ ಕಾಲು ಇಂಚು, ಉಳಿದ ಕಡೆ ಅರ್ಧ ಇಂಚು ಸೇರಿಸಿ.

ಒಪ್ಪವಾದ ಅಚ್ಚನ್ನು ದಪ್ಪ ರಟ್ಟಿಗೆ ಅಂಟಿಸಿ ಹೆಸರು, ಅಳತೆ, ತಾರೀಖು ಬರೆಯಿರಿ. ಮಡಿಸಬೇಡಿ, ತೂತು ಮಾಡಿ ಮೊಳೆಗೆ ತೂಗುಹಾಕಿ. ವರ್ಷಕ್ಕೊಮ್ಮೆ, ಹೆರಿಗೆಯ ನಂತರ, ಕಾಯಿಲೆಯಿಂದ ಎದ್ದ ನಂತರ ಮತ್ತೆ ಅಳೆದು ತಿದ್ದಿ.

ಮೊದಲ ಅಚ್ಚು ನಿಮ್ಮದೇ ಇರಲಿ. ಗಂಡನಿಗೆ, ಮಕ್ಕಳಿಗೆ ಆಮೇಲೆ ಮಾಡಿದರಾಯಿತು.